ಕೆರೆ, ದಡ, ಬಿದ್ದ! ನೀರಿನ ಎಚ್ಚರವನ್ನು ಆಟದಲ್ಲಿ ಕಲಿಸುವ ಬಗೆ

ಕೆರೆ-ದಡ ಆಟ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಮೈದಾನದಲ್ಲಿ ಸುಣ್ಣದ ಪುಡಿಯಲ್ಲಿ ಒಂದು ಗೆರೆ. ಈಚೆ ದಡ, ಆಚೆ ಕೆರೆ. ಮೇಷ್ಟ್ರು ‘ಕೆರೆ’ ಅಂದರೆ ಒಳಗೆ ಹಾರಬೇಕು, ‘ದಡ’ ಅಂದರೆ ವಾಪಸ್ ಹಾರಬೇಕು. ಸಾಲಾಗಿ ಎರಡು ಸಲ ‘ಕೆರೆ’ ಅಂದುಬಿಟ್ಟರೆ ಅರ್ಧ ಮಕ್ಕಳು ಔಟ್. ದಾವಣಗೆರೆ ಹತ್ತಿರದ ನಮ್ಮ ಊರಿನಲ್ಲಿ, ಬೇಸಿಗೆ ರಜೆ ಶುರುವಾದ ವಾರ, ಶಾಲೆ ಮೈದಾನದಲ್ಲಿ ಅರ್ಧ ದಿನದ ಆಟೋಟ ಇಟ್ಟುಕೊಂಡಿದ್ದೆವು. ಅಲ್ಲಿ ಈ ಆಟಕ್ಕೆ ಮೂರನೇ ಮಾತೊಂದನ್ನು ಸೇರಿಸಿದೆವು: ‘ಬಿದ್ದ!’

‘ಬಿದ್ದ’ ಅಂದಾಗ ಯಾರೂ ಗೆರೆ ದಾಟಬಾರದು. ಒಂದು ಹೆಜ್ಜೆ ಹಿಂದಕ್ಕೆ ಸರಿದು ಕುಕ್ಕರುಗಾಲಲ್ಲಿ ಕೂರಬೇಕು. ಬಿದ್ದವನ ಕಡೆ ಬೆರಳು ತೋರಿಸಬೇಕು. ಕಣ್ಣು ಅಲ್ಲಿಂದ ತೆಗೆಯದೆ, ಗಂಟಲು ಹರಿಯುವ ಹಾಗೆ ‘ಕಾಪಾಡಿ, ಬನ್ನಿ’ ಎಂದು ಕೂಗಬೇಕು. ಇಷ್ಟನ್ನೂ ಮೊದಲೇ ಬಿಡಿಸಿ ಹೇಳಿದ್ದೆವು. ಮಕ್ಕಳು ತಲೆ ಆಡಿಸಿದ್ದರು. ಒಬ್ಬ ಹುಡುಗನನ್ನು ಗೆರೆಯ ಆಚೆ ಬೀಳುವ ಹಾಗೆ ನಟಿಸಲು ಹೇಳಿ ‘ಬಿದ್ದ!’ ಎಂದು ಕೂಗಿದರೆ, ಹೆಚ್ಚಿನವರು ಗೆರೆ ದಾಟಿ ಅವನ ಹತ್ತಿರ ಓಡಿಬಿಟ್ಟರು. ಕಿವಿಗೆ ಹೇಳಿದ್ದು ಕಾಲಿಗೆ ಇನ್ನೂ ತಲುಪಿರಲಿಲ್ಲ.

ನೀರಿನ ಎಚ್ಚರವನ್ನು ಭಾಷಣದಲ್ಲಿ ಹೇಳದೆ ಆಟದಲ್ಲಿ ಕಲಿಸಬೇಕು ಅನ್ನುವುದು ಈ ಕಾರಣಕ್ಕೇ. ಗೆಳೆಯ ನೀರಿಗೆ ಬಿದ್ದ ಗಳಿಗೆಯಲ್ಲಿ ಯಾರೂ ಕೂತು ಯೋಚನೆ ಮಾಡುವುದಿಲ್ಲ. ಅಭ್ಯಾಸ ಆದದ್ದನ್ನು ಮೈ ಮಾಡುತ್ತದೆ. ಅಭ್ಯಾಸ ಇಲ್ಲದಿದ್ದರೆ ಪ್ರೀತಿ ಹೇಳಿದ್ದನ್ನು ಮಾಡುತ್ತದೆ. ಪ್ರೀತಿ ಹೇಳುವುದು ‘ಹಾರು’ ಅಂತ. ಒಬ್ಬನನ್ನು ಉಳಿಸಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿದು, ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಹೋದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ? ಭಾರತದಲ್ಲಿ ವರ್ಷಕ್ಕೆ ಸುಮಾರು 38,000 ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಇಡೀ ಜಗತ್ತಿನಲ್ಲಿ 2021ರಲ್ಲಿ ಸುಮಾರು 3 ಲಕ್ಷ ಜನ ಹೀಗೆ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದೇ 2021ರಲ್ಲಿ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗು ಸಾವು ತಡೆಯುವ ದಿನ ಎಂದು ಗೊತ್ತುಮಾಡಿತು. ನಮ್ಮ ಕಡೆ ಈ ಕೆಲಸವನ್ನು ಜುಲೈವರೆಗೆ ಕಾಯುವ ಹಾಗಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಬಯಲುಸೀಮೆ. ಇಲ್ಲಿ ನೀರು ನೆಂಟರ ಹಾಗೆ ಬಂದುಹೋಗುತ್ತದೆ. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರವನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ಆ ಅಣೆಕಟ್ಟಿನ ಕೋಡಿ 1933ರಲ್ಲಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಚಿತ್ರದುರ್ಗ ಜಿಲ್ಲೆಯಲ್ಲಿ ಊರ ಕೆರೆ ತುಂಬಿದ್ದನ್ನೇ ನೋಡದೆ ಹತ್ತು ವರ್ಷ ತುಂಬಿದ ಮಕ್ಕಳಿದ್ದಾರೆ. ಹೊಳೆದಂಡೆಯ ಮಕ್ಕಳಿಗೆ ನೀರಿನ ಗುಣ ಚಿಕ್ಕಂದಿನಿಂದ ಗೊತ್ತು. ನಮ್ಮ ಮಕ್ಕಳಿಗೆ ನೀರು ಕಂಡರೆ ಹಬ್ಬ. ಭಯ ಇಲ್ಲ, ಪರಿಚಯವೂ ಇಲ್ಲ.

ದಾವಣಗೆರೆ ಸುತ್ತಮುತ್ತ ಪರಿಸ್ಥಿತಿ ಬೇರೆ. ಇಲ್ಲಿ ಭದ್ರಾ ನಾಲೆ ಇದೆ, ಜನರ ಬಾಯಲ್ಲಿ ‘ಚಾನಲ್’. ಬೇಸಿಗೆ ಭತ್ತಕ್ಕೆ ನೀರು ಬಿಟ್ಟ ವರ್ಷ ಏಪ್ರಿಲ್‌ನಲ್ಲೂ ಚಾನಲ್ ತುಂಬಿ ಹರಿಯುತ್ತದೆ. ಕೆರೆಗಳು ಒಣಗುವ ತಿಂಗಳು, ಬಿಸಿಲು ಸುಡುವ ತಿಂಗಳು, ಶಾಲೆಗೆ ರಜೆ ಇರುವ ತಿಂಗಳು. ಮೂರೂ ಒಂದೇ. ಮೇಲಿಂದ ನೋಡಿದರೆ ಚಾನಲ್ ನೀರು ಹಾಲು ಹರಿದ ಹಾಗೆ ಸದ್ದಿಲ್ಲದೆ ಹೋಗುತ್ತಿರುತ್ತದೆ. ಆದರೆ ನೀರಿನ ವೇಗ ಎರಡು ಪಟ್ಟಾದರೆ ಅದು ಮೈಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಪಕ್ಕದ ಕಾಂಕ್ರೀಟ್ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಬಿದ್ದವರು ದಡ ಮುಟ್ಟಿದರೂ ಹಿಡಿಯಲು ಏನೂ ಸಿಗುವುದಿಲ್ಲ. ಸೇತುವೆ, ತೂಬುಗಳ ಹತ್ತಿರವಂತೂ ನೀರು ಒಳಗೆ ಎಳೆಯುತ್ತದೆ.

ಇನ್ನು ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದಮೇಲೆ ಒಣ ತಾಲ್ಲೂಕುಗಳ ಹೊಲಗಳಲ್ಲಿ ಹೊಂಡಗಳು ಹೆಚ್ಚಾದವು. ನೀರು ಇಂಗದಿರಲಿ ಅಂತ ತಳಕ್ಕೆ, ನಾಲ್ಕೂ ಬದಿಗೆ ದಪ್ಪ ಪ್ಲಾಸ್ಟಿಕ್ ಹಾಸುತ್ತಾರೆ. ಬೆಳೆ ಉಳಿಸಿದ ಹೊಂಡ ಅದು, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸುತ್ತ ಬೇಲಿ ಇಲ್ಲದ ಹೊಂಡ ಕಂಡರೆ ಎದೆ ಝಲ್ ಅನ್ನುತ್ತದೆ. ಒದ್ದೆ ಪ್ಲಾಸ್ಟಿಕ್ಕಿನ ಮೇಲೆ ಈಜು ಬಲ್ಲವರಿಗೂ ಹತ್ತಿ ಬರಲು ಆಗುವುದಿಲ್ಲ.

ಇದನ್ನು ಮಾತಿನಲ್ಲಿ ಹೇಳಿದರೆ ಮಕ್ಕಳು ನಂಬುವುದಿಲ್ಲ. ‘ನಾನು ಹತ್ತುತ್ತೀನಿ ಸಾರ್’ ಅನ್ನುವ ಒಬ್ಬ ಎಲ್ಲ ಊರಲ್ಲೂ ಇರುತ್ತಾನೆ. ಹಾಗಾಗಿ ಮೈದಾನದ ಮೂಲೆಯ ಮಣ್ಣಿನ ದಿಬ್ಬದ ಮೇಲೆ ಒಂದು ಟಾರ್ಪಾಲ್ ಹಾಸಿದೆವು. ಕೆಳಗೆ ಭತ್ತದ ಹುಲ್ಲು ದಪ್ಪಗೆ ಹರಡಿದೆವು. ಟಾರ್ಪಾಲ್ ಮೇಲೆ ಸೋಪಿನ ನೀರು ಸುರಿದೆವು. ಆಟ ಇಷ್ಟೇ: ಕೆಳಗಿನಿಂದ ಮೇಲೆ ಹತ್ತಿ ಬರಬೇಕು. ದಿಬ್ಬದ ಎತ್ತರ ಹುಡುಗರ ತಲೆಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಮೊದಲು ನಗು, ಕೇಕೆ. ಎರಡು ಹೆಜ್ಜೆಗೆ ಜಾರಿ ಹುಲ್ಲಿಗೆ ಬೀಳುತ್ತಾರೆ. ಓಡಿ ಬಂದು ಹತ್ತಲು ನೋಡುತ್ತಾರೆ, ಮತ್ತೆ ಜಾರುತ್ತಾರೆ. ಮೊಣಕಾಲು ಊರುತ್ತಾರೆ, ಉಗುರು ಊರುತ್ತಾರೆ. ಐದು ನಿಮಿಷಕ್ಕೆ ನಗು ನಿಂತಿತು. ಊರಿನ ಕಬಡ್ಡಿ ತಂಡದ ಹುಡುಗನೊಬ್ಬ ಏದುಸಿರು ಬಿಡುತ್ತ ‘ಹಿಡ್ಕೊಳ್ಳೋಕೆ ಏನೂ ಸಿಗಲ್ಲ ಸಾರ್’ ಅಂದ. ಅವನ ಕಾಲ ಕೆಳಗೆ ಗಟ್ಟಿ ನೆಲ ಇತ್ತು, ಮೂಗಿಗೆ ಬೇಕಾದಷ್ಟು ಗಾಳಿ ಇತ್ತು. ಹೊಂಡದಲ್ಲಿ ಎರಡೂ ಇರುವುದಿಲ್ಲ. ಅದನ್ನು ನಾವು ಹೇಳಬೇಕಾಗಲಿಲ್ಲ, ಅವರೇ ಹೇಳಿದರು.

ಆಮೇಲೆ ಮೇಲಿನ ಗೂಟಕ್ಕೆ ಒಂದು ಹಗ್ಗ ಕಟ್ಟಿ ಕೆಳಗೆ ಇಳಿಬಿಟ್ಟೆವು. ಒಂದೊಂದು ಅಡಿಗೆ ಒಂದೊಂದು ಗಂಟು. ಮೂರನೇ ತರಗತಿಯ ಹುಡುಗಿ ಕೂಡ ಸರಸರ ಹತ್ತಿ ಬಂದಳು. ನೋಡುತ್ತ ನಿಂತಿದ್ದ ಇಬ್ಬರು ರೈತರು ಅಲ್ಲೇ ಲೆಕ್ಕ ಹಾಕಲು ಶುರು ಮಾಡಿದರು: ತಮ್ಮ ಹೊಂಡಕ್ಕೆ ಎಷ್ಟು ಮಾರು ಹಗ್ಗ ಬೇಕು, ನಾಲ್ಕೂ ಬದಿಗೆ ಕಟ್ಟಬೇಕಾ, ಹಳೆ ಟೈರ್ ಇಳಿಬಿಟ್ಟರೆ ಆಗುತ್ತಾ ಅಂತ. ಆಗುತ್ತದೆ. ಆದರೆ ಬೇಲಿ ಮೊದಲು, ಹಗ್ಗ ಆಮೇಲೆ.

ನಮ್ಮ ಪಾಠದ ಸಾರವನ್ನು ಮಕ್ಕಳ ಬಾಯಲ್ಲಿ ನಿಲ್ಲುವ ಹಾಗೆ ನಾಲ್ಕು ಮಾತಿನಲ್ಲಿ ಕಟ್ಟಿದ್ದೆವು. ಕೂಗು, ಚಾಚು, ಎಸೆ, ಇಳಿಯಬೇಡ. ಕೂಗುವುದು ಕೆರೆ-ದಡದಲ್ಲಿ ಬಂತು. ಉಳಿದ ಮೂರಕ್ಕೂ ಒಂದೊಂದು ಆಟ.

‘ಇಳಿಯಬೇಡ’ ಅನ್ನುವುದೇ ಕಷ್ಟದ್ದು, ಅದಕ್ಕೆ ಉಪ್ಪುಮೂಟೆ ಆಡಿಸಿದೆವು. ಒಂದೇ ಎತ್ತರದ ಇಬ್ಬರು. ಒಬ್ಬನ ಬೆನ್ನ ಮೇಲೆ ಇನ್ನೊಬ್ಬ. ಹತ್ತು ಹೆಜ್ಜೆ ನಡೆಯುವುದು ಸುಲಭ. ಈಗ ಮೇಲಿದ್ದವನು ಸುಮ್ಮನೆ ಕೂರದೆ ಅಲ್ಲಾಡಬೇಕು, ಹೆಗಲು ಹಿಡಿದು ಇನ್ನೂ ಮೇಲೆ ಏರಲು ನೋಡಬೇಕು. ಕುತ್ತಿಗೆ ಮುಟ್ಟುವ ಹಾಗಿಲ್ಲ, ಪಕ್ಕದಲ್ಲಿ ದೊಡ್ಡವರು ನಿಂತಿರಬೇಕು. ಕೆಳಗಿನವನು ಮೂರು ಹೆಜ್ಜೆಗೆ ಮೊಣಕಾಲೂರುತ್ತಾನೆ. ಮುಳುಗುತ್ತಿರುವವರು ಮಾಡುವುದು ಇದನ್ನೇ. ಕೆಟ್ಟ ಮನಸ್ಸಿನಿಂದ ಅಲ್ಲ. ಉಸಿರಿಗಾಗಿ ಮೈ ಒದ್ದಾಡುವಾಗ ಕೈಗೆ ಸಿಕ್ಕಿದ್ದನ್ನು ಹಿಡಿದು ಅದರ ಮೇಲೆ ಏರುವುದು ಪ್ರಾಣಿಗುಣ. ಸಿಕ್ಕಿದ್ದು ಅಣ್ಣನ ತಲೆಯಾದರೂ ಸರಿ. ಚೆನ್ನಾಗಿ ಈಜು ಬಲ್ಲವರೂ ಹೀಗೆಯೇ ಮುಳುಗುವುದು.

‘ಚಾಚು’ ಕಲಿಸಲು ಹಗ್ಗಜಗ್ಗಾಟದ ತಮ್ಮನಂಥ ಆಟವೊಂದಿದೆ. ಗೆರೆಯ ಅಂಚಿನಲ್ಲಿ ಒಬ್ಬಳು ನಿಂತು, ಬಗ್ಗಿ, ಆಚೆ ಕೂತ ಗೆಳತಿಗೆ ಕೋಲು ಚಾಚುತ್ತಾಳೆ. ಆಚೆಯವಳು ಒಮ್ಮೆ ಜಗ್ಗಿದರೆ ನಿಂತವಳು ಮುಗ್ಗರಿಸಿ ಗೆರೆ ದಾಟುತ್ತಾಳೆ. ಈಗ ಅದೇ ಹುಡುಗಿ ನೆಲಕ್ಕೆ ಬೋರಲು ಮಲಗಿ ಕೋಲು ಚಾಚಲಿ, ಅವಳ ಕಾಲನ್ನು ಇನ್ನೊಬ್ಬಳು ಹಿಡಿಯಲಿ. ಎಷ್ಟು ಜಗ್ಗಿದರೂ ಕದಲುವುದಿಲ್ಲ. ಇಡೀ ಮೈ ನೆಲಕ್ಕೆ ಅಂಟಿದಾಗ ಜಾರುವುದು ಕಷ್ಟ, ಭಾರ ತಗ್ಗಿನಲ್ಲಿ ಇರುವುದರಿಂದ ಮುಗ್ಗರಿಸುವುದೂ ಇಲ್ಲ. ಕೋಲಿಲ್ಲದಿದ್ದರೆ ಟವೆಲ್, ಪಂಚೆ, ವೇಲು. ಕೈ ಮಾತ್ರ ಕೊಡಬಾರದು. ಕೋಲನ್ನಾದರೆ ಬಿಟ್ಟುಬಿಡಬಹುದು, ಹಿಡಿದ ಕೈಯನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ.

ಇಲ್ಲಿ ಸೀರೆಯ ಮಾತು ಬರಲೇಬೇಕು. 2020ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನಲ್ಲಿ ನಾಲ್ವರು ಯುವಕರು ಮುಳುಗುತ್ತಿದ್ದಾಗ, ಅಲ್ಲಿದ್ದ ಮೂವರು ಹೆಂಗಸರು ಉಟ್ಟ ಸೀರೆ ಬಿಚ್ಚಿ ಎಸೆದು ಇಬ್ಬರನ್ನು ಎಳೆದುಕೊಂಡರು. ಇನ್ನಿಬ್ಬರು ಉಳಿಯಲಿಲ್ಲ. ಒಂದು ಸೀರೆ ಸುಮಾರು ಐದೂವರೆ ಮೀಟರ್ ಉದ್ದ. ಚಾನಲ್ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರ ಕೈಯಲ್ಲಿ ಒಂದಲ್ಲ, ನಾಲ್ಕು ಸೀರೆ ಇರುತ್ತವೆ. ಯಾರಾದರೂ ಬಿದ್ದರೆ ಮೊದಲು ನೋಡುವವರೂ ಅವರೇ. ಈ ಆಟಕ್ಕೆ ತಾಯಂದಿರನ್ನೂ ಅಜ್ಜಿಯರನ್ನೂ ಕರೆಯಲೇಬೇಕು ಅನ್ನುವುದು ನನ್ನ ಹಟ. ಸೀರೆಯ ತುದಿಗೆ ಗಂಟು ಹಾಕಿ ಒದ್ದೆ ಮಾಡಿ ಎಸೆದರೆ ದೂರ ಹೋಗುತ್ತದೆ ಎಂದು ತೋರಿಸಿದಾಗ ಒಬ್ಬ ಅಜ್ಜಿ ಕಣ್ಣೊರೆಸಿಕೊಂಡು, ‘ನಮಗೆ ಈಜು ಬರಲ್ಲ ಅಂತ ಅವತ್ತು ಸುಮ್ನೆ ಬಾಯಿ ಬಡ್ಕೊಂಡು ನಿಂತಿದ್ವಪ್ಪ, ಸೀರೆ ಮೈಮೇಲೇ ಇತ್ತು’ ಅಂದರು. ಯಾವತ್ತು ಅಂತ ನಾನು ಕೇಳಲಿಲ್ಲ.

‘ಎಸೆ’ ಆಟಕ್ಕೆ ಬೇಕಾದ್ದು ಅಡುಗೆ ಎಣ್ಣೆಯ ಐದು ಲೀಟರ್ ಖಾಲಿ ಕ್ಯಾನು, ಏಳೆಂಟು ಮಾರು ಹಗ್ಗ. ತೀರಾ ಹಗುರಾದರೆ ಗಾಳಿಗೆ ತೂರಿಹೋಗುತ್ತದೆ, ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿಯಬೇಕು. ಹಗ್ಗದ ಇನ್ನೊಂದು ತುದಿಯನ್ನು ಕಾಲಲ್ಲಿ ತುಳಿದು ಹಿಡಿಯಬೇಕು. ಇಲ್ಲದಿದ್ದರೆ ಹಗ್ಗವೂ ಕ್ಯಾನಿನ ಜೊತೆಗೇ ಹೋಗುತ್ತದೆ, ಮಕ್ಕಳು ಮೊದಲ ಸಲ ಮಾಡುವ ತಪ್ಪೇ ಇದು. ದೂರದಲ್ಲಿ ಟೈರ್ ಇಟ್ಟು ಗುರಿ ಕೊಡಿ. ಕ್ಯಾನು ಟೈರಿನ ಆಚೆ ಬಿದ್ದು ಹಗ್ಗ ಟೈರಿನ ಮೇಲೆ ಬಂದರೆ ಪೂರ್ತಿ ಅಂಕ. ಮುಳುಗುತ್ತಿರುವವರಿಗೆ ಕ್ಯಾನು ಹುಡುಕುವಷ್ಟು ಶಕ್ತಿ ಇರುವುದಿಲ್ಲ, ಹಗ್ಗ ಭುಜಕ್ಕೆ ತಾಗಬೇಕು.

ಒಂದು ಕ್ಯಾನು ದೊಡ್ಡ ಮನುಷ್ಯನನ್ನು ಹೇಗೆ ತೇಲಿಸೀತು ಎಂದು ಎಲ್ಲರೂ ಕೇಳುತ್ತಾರೆ. ನೀರಿನೊಳಗೆ ನಮ್ಮ ಮೈಯ ಭಾರವನ್ನು ಹೆಚ್ಚುಕಡಿಮೆ ನೀರೇ ಹೊರುತ್ತದೆ. ನೀರಿನ ಮೇಲೆ ಎತ್ತಿ ಹಿಡಿಯಬೇಕಾದ್ದು ತಲೆಯನ್ನು ಮಾತ್ರ, ಅದರ ತೂಕ ನಾಲ್ಕೈದು ಕೆಜಿ. ಐದು ಲೀಟರ್ ಗಾಳಿ ಸುಮಾರು ಐದು ಕೆಜಿ ಭಾರ ಎತ್ತುತ್ತದೆ. ಇದನ್ನು ಕೈಗೆ ಗೊತ್ತು ಮಾಡಿಸಲು ಒಂದು ಡ್ರಮ್ ನೀರು, ಒಂದು ಪ್ಲಾಸ್ಟಿಕ್ ಕೊಡ ಸಾಕು. ಖಾಲಿ ಕೊಡವನ್ನು ಬೋರಲು ಹಿಡಿದು ನೀರಿನೊಳಗೆ ಅದುಮಬೇಕು. ಹದಿನೈದು ಲೀಟರ್ ಕೊಡ ಅಂದರೆ ಸುಮಾರು ಹದಿನೈದು ಕೆಜಿ ಎದುರು ತಳ್ಳುತ್ತದೆ. ಎಂಥ ಗಟ್ಟಿ ಹುಡುಗನೂ ಜಾಸ್ತಿ ಹೊತ್ತು ಹಿಡಿಯಲಾರ. ನಮ್ಮ ಹಿರಿಯರು ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದು ಇದೇ ಲೆಕ್ಕದಲ್ಲಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಆಟ ಒಂದಿದೆ. ನೋಡಲು ಅದು ಆಟದ ಹಾಗೇ ಇಲ್ಲ. ಮೂವರು ಮಕ್ಕಳು ಮುಂದೆ ಬಂದು ನಟಿಸುತ್ತಾರೆ. ಒಬ್ಬ ಕೈ ಬೀಸಿ ‘ಕಾಪಾಡಿ’ ಎಂದು ಕೂಗುತ್ತಾನೆ. ಒಬ್ಬ ಈಜುತ್ತಾನೆ. ಮೂರನೆಯವಳು ಏನೂ ಮಾತಾಡುವುದಿಲ್ಲ. ತಲೆ ಹಿಂದಕ್ಕೆ, ಬಾಯಿ ತೆರೆದಿದೆ, ಎರಡೂ ಕೈ ಅಕ್ಕಪಕ್ಕದಲ್ಲಿ ನೀರನ್ನು ಕೆಳಗೆ ಒತ್ತುತ್ತಿವೆ, ಕಣ್ಣು ಎಲ್ಲೋ. ಯಾರಿಗೆ ಅಪಾಯ ಹೆಚ್ಚು? ಎಲ್ಲರೂ ಕೂಗುವವನ ಕಡೆ ಕೈ ತೋರಿಸುತ್ತಾರೆ, ಅಪ್ಪ ಅಮ್ಮಂದಿರು ಕೂಡ. ಅವನಿಗೂ ಸಹಾಯ ಬೇಕು, ನಿಜ. ಆದರೆ ಕೂಗಲು ಉಸಿರಿದೆ ಅಂದರೆ ಅವನಿಗೆ ಇನ್ನೂ ಸ್ವಲ್ಪ ಸಮಯ ಇದೆ. ನಿಜವಾಗಿ ಮುಳುಗುವವರು ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬರುವುದೇ ಒಂದು ಕ್ಷಣ, ಅದು ಉಸಿರೆಳೆಯಲಿಕ್ಕೇ ಸಾಲದು, ಇನ್ನು ಮಾತೆಲ್ಲಿ? ಕೈ ಬೀಸಲೂ ಆಗುವುದಿಲ್ಲ, ಯಾಕೆಂದರೆ ಬಾಯಿಯನ್ನು ಮೇಲೆ ಹಿಡಿಯಲು ಕೈ ನೀರನ್ನು ಒತ್ತುತ್ತಲೇ ಇರಬೇಕು. ಹೀಗೆ ಇರುವುದು 20ರಿಂದ 60 ಸೆಕೆಂಡ್. ಆಮೇಲೆ ಒಳಗೆ. ಪಕ್ಕದಲ್ಲೇ ನಿಂತವರು ‘ಆಡ್ತಿದ್ದಾನೆ’ ಅಂದುಕೊಳ್ಳುತ್ತಾರೆ. ನೀರಿನಲ್ಲಿ ಆಡುವ ಮಗು ಗಲಾಟೆ ಮಾಡುತ್ತಿರುತ್ತದೆ. ಗಲಾಟೆ ನಿಂತರೆ ತಿರುಗಿ ನೋಡಬೇಕು.

ಆಳದ ಆಟ ಚಿಕ್ಕದು. ನೀರಿನಲ್ಲಿ ಬೆಳಕು ಬಾಗುವುದರಿಂದ ತಿಳಿನೀರಿನ ತಳ ಇರುವುದಕ್ಕಿಂತ ಮೇಲೆ ಕಾಣುತ್ತದೆ. ನಾಲ್ಕು ಅಡಿ ಆಳ ಮೂರು ಅಡಿಯ ಹಾಗೆ ಕಾಣುತ್ತದೆ. ಕೆಂಪು ನೀರಿನಲ್ಲಂತೂ ಏನೂ ಕಾಣದು. ಎರಡು ಡ್ರಮ್, ಒಂದರಲ್ಲಿ ತಿಳಿನೀರು, ಇನ್ನೊಂದರಲ್ಲಿ ಮಣ್ಣುನೀರು. ಒಳಗೆ ಕಲ್ಲುಗಳನ್ನಿಟ್ಟು ಆಳ ಬೇರೆ ಬೇರೆ ಮಾಡಿ. ಕೋಲು ಇಳಿಸುವ ಮೊದಲು ಆಳ ಊಹಿಸಬೇಕು. ಬಹಳ ಮಕ್ಕಳ ಊಹೆ ತಪ್ಪುತ್ತದೆ. ಹೂಳೆತ್ತಿದ ಕೆರೆಯಲ್ಲಿ, ಹರಿಹರದ ಕಡೆ ಮರಳು ತೆಗೆದ ಹೊಳೆಯ ಗುಂಡಿಗಳಲ್ಲಿ ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆ ಎರಡಾಳುದ್ದ ಇರಬಹುದು ಎಂದು ಆಗ ಹೇಳಿದರೆ ತಲೆಗೆ ಹೋಗುತ್ತದೆ.

ಫೋನಿನ ಆಟವೂ ಇತ್ತು. 112ಕ್ಕೆ ಕರೆ ಮಾಡಿದ ಹಾಗೆ ನಟಿಸಿ, ಎಲ್ಲಿ, ಏನಾಯಿತು, ಎಷ್ಟು ಜನ ಎಂದು ಹೇಳಬೇಕು. ‘ಚಾನಲ್ ಹತ್ರ’ ಅಂದರೆ ಅಂಕ ಇಲ್ಲ. ಯಾವ ಊರಿನ, ಯಾವ ಸೇತುವೆ, ಯಾವ ದಾರಿ ಎಂದು ಬರಬೇಕು.

ದಡಕ್ಕೆ ಎಳೆದಮೇಲಿನದು ದೊಡ್ಡವರ ಕೆಲಸ. ಮಕ್ಕಳನ್ನು ತಲೆಕೆಳಗಾಗಿ ತೂಗುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಜೀವ ಬರುತ್ತದೆ ಅನ್ನುವುದು ಮೊಬೈಲಿನಲ್ಲಿ ಹರಿದಾಡಿದ ಸುಳ್ಳು. ಅದರಿಂದ ಹೋಗುವುದು ಉಳಿದಿದ್ದ ನಿಮಿಷಗಳು ಮಾತ್ರ. ಉಸಿರು ನಿಂತು ನಾಲ್ಕರಿಂದ ಆರು ನಿಮಿಷಕ್ಕೆ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಉಸಿರಾಡದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಆಮೇಲೆ ಎದೆಯ ನಡುವೆ ಒತ್ತಬೇಕು. 30 ಸಲ ಒತ್ತಿದರೆ 2 ಸಲ ಉಸಿರು, 108 ಬರುವವರೆಗೂ. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಆರೋಗ್ಯ ಇಲಾಖೆಯವರನ್ನೋ ಅಗ್ನಿಶಾಮಕದವರನ್ನೋ ಕೇಳಿಕೊಂಡು, ಗೊಂಬೆಯ ಮೇಲೆ ಕೈಯಾರೆ ಮಾಡಿ ನೋಡಬೇಕು.

ಎರಡು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಇಂಥ ಕಾರ್ಯಕ್ರಮವನ್ನು ಕೆರೆ ಏರಿಯ ಮೇಲೆ, ಚಾನಲ್ ಪಕ್ಕ ಇಡಬೇಡಿ. ಫೋಟೊ ಚೆನ್ನಾಗಿ ಬರುತ್ತದೆ, ಆದರೆ ನೂರು ಮಕ್ಕಳನ್ನು ನೀರಿನ ಅಂಚಿಗೆ ಕರೆದೊಯ್ದು ಎಚ್ಚರ ಕಲಿಸುವುದು ಯಾವ ನ್ಯಾಯ? ಒಣ ಮೈದಾನ ಸಾಕು. ಎರಡನೆಯದು, ಒಣ ಮೈದಾನದಲ್ಲಿ ಆಡಿದ ಮಕ್ಕಳಿಗೆ ಈಜು ಬಂದಿರುವುದಿಲ್ಲ. ಆರು ವರ್ಷ ದಾಟಿದ ಮಕ್ಕಳಿಗೆ ಈಜು, ತೇಲುವುದು ಕಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅದನ್ನು ಬಲ್ಲವರ ಹತ್ತಿರ, ಕೊಳದಲ್ಲೇ ಕಲಿಯಬೇಕು. ಹೆಣ್ಣುಮಕ್ಕಳಿಗೂ. ಬಟ್ಟೆ ಒಗೆಯಲು ಅವರನ್ನು ಕಳಿಸುತ್ತೇವೆ, ಈಜು ಕಲಿಯಲು ಮಾತ್ರ ಹುಡುಗರನ್ನು ಕಳಿಸುತ್ತೇವೆ.

ಐದು ವರ್ಷದೊಳಗಿನ ಮಕ್ಕಳಿಗೆ ಈ ಯಾವ ಆಟವೂ ಸಾಲದು. ಮೈಗೆ ಹೋಲಿಸಿದರೆ ಅವರ ತಲೆಯ ಭಾರ ಹೆಚ್ಚು. ಬಕೆಟ್ಟಿಗೆ ಬಗ್ಗಿದರೆ ಮುಗ್ಗರಿಸಿ ಬೀಳುತ್ತಾರೆ, ಮತ್ತೆ ಏಳಲಾರರು. ಗೇಣುದ್ದ ನೀರು ಸಾಕು. ನಲ್ಲಿ ನೀರು ದಿನಾ ಬರದ ಊರುಗಳಲ್ಲಿ ಮನೆಮನೆಗೂ ಸಂಪು, ಡ್ರಮ್ಮು. ಸಂಪಿನ ಮುಚ್ಚಳಕ್ಕೆ ಚಿಲಕ ಹಾಕಿ, ಖಾಲಿ ಬಕೆಟ್ ಬೋರಲು ಇಡಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ತಾಯಂದಿರು ಕೆಲಸದಲ್ಲಿರುವ ಹೊತ್ತಿಗೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಮನೆಗಳನ್ನು ಇದಕ್ಕಾಗಿಯೇ ನಡೆಸುತ್ತಾರೆ. ನಮ್ಮಲ್ಲಿ ಅಂಗನವಾಡಿ ಇದೆ, ಮಗುವನ್ನು ತಪ್ಪದೆ ಕಳಿಸಿದರೆ ಆಯಿತು.

ಮಧ್ಯಾಹ್ನ ಮಂಡಕ್ಕಿ, ಮಿರ್ಚಿ ತಿಂದಮೇಲೆ ಕೊನೆಯದಾಗಿ ಮತ್ತೆ ಕೆರೆ-ದಡ ಆಡಿಸಿದೆವು. ಹತ್ತನೇ ಸಲಕ್ಕೋ ಹನ್ನೊಂದನೇ ಸಲಕ್ಕೋ ‘ಬಿದ್ದ!’ ಅಂದಾಗ ಗೆರೆ ದಾಟಿದ್ದು ಇಬ್ಬರು ಮಾತ್ರ. ಅವರಲ್ಲೊಬ್ಬಳು ಗೆರೆಯ ಆಚೆ ಬಿದ್ದಿದ್ದ ಹುಡುಗನ ಅಕ್ಕ. ಅವಳನ್ನು ಔಟ್ ಮಾಡಲಿಲ್ಲ. ಕೈಗೆ ಹಗ್ಗ ಕಟ್ಟಿದ ಕ್ಯಾನು ಕೊಟ್ಟು, ‘ಇಲ್ಲಿಂದಲೇ ಎಸಿಯಮ್ಮ’ ಅಂದೆವು. ಎರಡನೇ ಎಸೆತಕ್ಕೆ ಹಗ್ಗ ಅವನ ಭುಜದ ಮೇಲೆ ಬಿತ್ತು.

ಆ ಕ್ಯಾನನ್ನು ಸಂಜೆ ನಾವು ದೊಡ್ಡವರು ಮೂವರು ಚಾನಲ್ ಮೆಟ್ಟಿಲ ಹತ್ತಿರದ ಕಂಬಕ್ಕೆ ತೂಗುಹಾಕಿ ಬಂದೆವು. ದನ ಕಟ್ಟಲು ಯಾರಾದರೂ ಹಗ್ಗ ಬಿಚ್ಚಿಕೊಂಡು ಹೋಗುತ್ತಾರೆ ಎಂದು ಊರಿನವರು ಹೇಳಿದ್ದರು. ಅದಕ್ಕೇ ಕಟ್ಟುವ ಮೊದಲು ಕ್ಯಾನಿಗೆ ಕೆಂಪು ಬಣ್ಣ ಬಳಿದು, ಒಣಗಿದಮೇಲೆ ಅದರ ಮೇಲೆ ಮಕ್ಕಳ ಕೈಯಲ್ಲಿ ಅವರವರ ಹೆಸರು ಬರೆಸಿದ್ದೆವು. ಮಳೆಗಾಲ ಮುಗಿದಿದೆ, ಹಗ್ಗ ಅಲ್ಲೇ ಇದೆ.